ಬಾಣಂತಿ ಕೋಣೆಯ ಗೋಡೆ ಒಲೆ

ಹೊಗೆ ಚಿಮಣಿಯಲ್ಲಿ ಸರಾಗವಾಗಿ ಮೇಲೆ ಹೋಗುತ್ತಿತ್ತು. ಬಿಸಿಯೂ ಅದರ ಬೆನ್ನು ಹತ್ತಿ ಹೋಗುತ್ತಿತ್ತು. ಒಲೆಯಲ್ಲಿ ಜಾಲಿ ಸೌದೆ ಧಗಧಗ ಉರಿಯುತ್ತಿದ್ದರೂ ಕೋಣೆಯ ಮಧ್ಯೆ ನಿಂತರೆ ಕಾಲು ಮರಗಟ್ಟುತ್ತಿತ್ತು. ನಾನು ಅಲ್ಲಿ ನಿಂತು ಚಿಮಣಿಯನ್ನು ನೋಡುತ್ತಿದ್ದೆ, ಡಾಕ್ಟರಮ್ಮ ನನ್ನನ್ನು ನೋಡುತ್ತಿದ್ದರು.

ಅದು ನಜರ್‌ಬಾದಿನ ಕಡೆ ಒಬ್ಬ ಇಂಗ್ಲಿಷ್ ದೊರೆ ತನಗಾಗಿ ಕಟ್ಟಿಸಿಕೊಂಡಿದ್ದ ಬಂಗಲೆ. ಸ್ವಾತಂತ್ರ್ಯ ಬಂದ ಮೇಲೆ ದೊರೆ ಗಂಟುಮೂಟೆ ಕಟ್ಟಿದ. ಡಾಕ್ಟರಮ್ಮ ಅದನ್ನು ಬಾಡಿಗೆಗೆ ಹಿಡಿದು ಹೆರಿಗೆ ಆಸ್ಪತ್ರೆ ಮಾಡಿಕೊಂಡರು. ಮಾಡು ಸೋರಿದರೆ, ಗಾರೆ ಕಿತ್ತರೆ, ಬಚ್ಚಲು ಕಟ್ಟಿಕೊಂಡರೆ ನನಗೆ ಹೇಳಿ ಕಳಿಸುತ್ತಿದ್ದರು. ಮೂಲೆಯ ಕೋಣೆಯೊಂದರಲ್ಲಿ ಗೋಡೆಯೊಳಗೇ ಕಟ್ಟಿದ ಒಲೆ ಇತ್ತು. ಡಾಕ್ಟರಮ್ಮನ ಬಾಯಲ್ಲಿ ಅದು ಫೈರ್‌ಪ್ಲೇಸು, ನಮಗೆಲ್ಲ ಗೋಡೆ ಒಲೆ. ಮೈಸೂರಿನ ಚಳಿಗೆ ಅದೊಂದು ದೊರೆಗಳ ಶೋಕಿ ಎಂದು ನಾನು ಹಿಂದೆ ನಕ್ಕಿದ್ದುಂಟು. ಆ ಮಾಗಿಯಲ್ಲಿ ನಗು ಬರಲಿಲ್ಲ.

ಕೋಣೆಯಲ್ಲಿದ್ದವಳು ವರುಣದ ಆಚೆಯ ಹಳ್ಳಿಯ ಒಕ್ಕಲು ಮನೆತನದ ಹುಡುಗಿ. ಹಿಂದೆ ಎರಡು ಕೂಸು ಕೈಗೆ ಹತ್ತಿರಲಿಲ್ಲ. ಇದು ಮೂರನೆಯದು, ಹೆಣ್ಣು ಕೂಸು, ತಿಂಗಳು ತುಂಬುವ ಮುಂಚೆಯೇ ಹುಟ್ಟಿಬಿಟ್ಟಿತ್ತು. ನಾನು ಮೊದಲ ಸಲ ನೋಡಿದಾಗ ಅದು ಹತ್ತಿಯಲ್ಲಿ ಸುತ್ತಿಕೊಂಡು ತಾಯಿಯ ರವಿಕೆಯೊಳಗೆ ಇತ್ತು. ನೆತ್ತಿ ಮಾತ್ರ ಕಾಣುತ್ತಿತ್ತು, ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದು. ಪಕ್ಕದಲ್ಲೇ ಬಾಣಂತಿಯ ತಾಯಿ ಕಾವಲು ಕೂತಿದ್ದರು, ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದರು.

"ಈ ಕೂಸಿಗೆ ತನ್ನ ಮೈ ಬಿಸಿ ತಾನು ಉಳಿಸ್ಕೊಳ್ಳೋ ಶಕ್ತಿ ಇಲ್ಲ, ಮೇಸ್ತ್ರಿ. ಅದರ ಬದಲು ಕೋಣೆ ಬಿಸಿಯಾಗಿರಬೇಕು" ಎಂದರು ಡಾಕ್ಟರಮ್ಮ.

ಬಿಸಿನೀರಿನ ಬಾಟಲಿ ಇಡುತ್ತಿದ್ದರು, ಅದು ಆರಿಹೋಗುತ್ತಿತ್ತು. ಕರೆಂಟಿನ ಹೀಟರ್ ಹಾಕಿದರೆ ಬಂಗಲೆಯ ಹಳೇ ವೈರಿಗೆ ತಡೆಯದೆ ಫ್ಯೂಸು ಹೋಗುತ್ತಿತ್ತು. ಇಂಥ ಕೂಸುಗಳನ್ನು ಇಡುವ ಗಾಜಿನ ಪೆಟ್ಟಿಗೆ ಆಗ ಊರಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ಕೆಂಡದ ಅಗ್ಗಿಷ್ಟಿಕೆ ಇಟ್ಟರಾಗದೇ ಎಂದು ನಾನೇ ಕೇಳಿದೆ. ಡಾಕ್ಟರಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ ತಾಯಿ ಮಗು ಇಬ್ಬರೂ ಮತ್ತೆ ಏಳದೇ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಉಳಿದದ್ದು ಗೋಡೆ ಒಲೆ ಒಂದೇ. ಅವರು ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿ, ಪಾದರಸ ಎಲ್ಲಿಗೆ ಏರಬೇಕೋ ಅಲ್ಲಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಪಾದರಸ ಆ ಗೆರೆಯಿಂದ ಬಹಳ ಕೆಳಗಿತ್ತು.

ಮೊದಲು ತಾಯಿ ಮಗುವನ್ನು ಡಾಕ್ಟರಮ್ಮನ ಸ್ವಂತ ಕೋಣೆಗೆ ಸಾಗಿಸಿ, ನಾನು ಚಿಮಣಿ ಹತ್ತಿದೆ. ಒಳಗೆ ಗೊರವಂಕ ಗೂಡು ಕಟ್ಟಿ ಅರ್ಧ ದಾರಿ ಮುಚ್ಚಿತ್ತು. ಎಲ್ಲವನ್ನೂ ಕಿತ್ತು, ಬಿದಿರಿನ ಗಳು ಹಾಕಿ ಕೆರೆದೆ. ಕೋಣೆಗೆ ಹೊಗೆ ತುಂಬುವುದು ನಿಂತಿತು. ಬಿಸಿ ಮಾತ್ರ ಬರಲಿಲ್ಲ, ಮೊದಲೇ ಹೇಳಿದ ಹಾಗೆ.

ಆಮೇಲೆ ನನಗೆ ತಿಳಿದ ಬುದ್ಧಿ ಉಪಯೋಗಿಸಿದೆ. ನನಗೆ ತಿಳಿದಿದ್ದ ಒಲೆ ಎಂದರೆ ಬಚ್ಚಲು ಮನೆಯ ಹಂಡೆ ಒಲೆ. ಮೈಸೂರಿನಲ್ಲಿ ನಾನು ಕಟ್ಟಿದ ಹಂಡೆ ಒಲೆಗಳ ನೀರಿನಲ್ಲಿ ಅರ್ಧ ಊರು ಅಭ್ಯಂಜನ ಮಾಡಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಹಂಡೆ ಒಲೆಯಲ್ಲಿ ಬೆಂಕಿಯನ್ನು ಎಷ್ಟು ಒಳಕ್ಕೆ ತಳ್ಳಿದರೆ ಅಷ್ಟು ಒಳ್ಳೆಯದು. ಅದೇ ಲೆಕ್ಕದಲ್ಲಿ ಗೋಡೆ ಒಲೆಯ ಹಿಂಬದಿಯ ಇಟ್ಟಿಗೆ ಬಿಡಿಸಿ, ಉರಿಯ ಗೂಡನ್ನು ಇನ್ನಷ್ಟು ಆಳ ಮಾಡಿದೆ. ಉರಿ ಹಚ್ಚಿದೆ. ಸೌದೆ ಭರ್ಜರಿಯಾಗಿ ಉರಿಯಿತು, ಕೋಣೆ ಮೊದಲಿಗಿಂತ ತಣ್ಣಗಾಯಿತು. ಹೊರಗೆ ಹೋಗಿ ಚಿಮಣಿಯ ಹಿಂಗೋಡೆ ಮುಟ್ಟಿದರೆ ಕೈ ಚುರ್ರೆಂದಿತು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಬಂದು ಆ ಗೋಡೆಗೆ ಬೆನ್ನು ಕೊಟ್ಟು ಮಲಗಿತು. ಆ ನಾಯಿಯನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಇಲ್ಲಿ ಹಂಡೆ ಎಲ್ಲಿದೆ ಮೇಸ್ತ್ರಿ?" ಎಂದರು ಡಾಕ್ಟರಮ್ಮ. ಅವರು ಕೇಳಿದ್ದು ವ್ಯಂಗ್ಯಕ್ಕೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತಾ ಅದನ್ನೇ ಯೋಚಿಸಿದೆ. ಇಲ್ಲಿ ಹಂಡೆ ಒಲೆಯ ಮೇಲಿಲ್ಲ, ಒಲೆಯ ಎದುರಿಗಿದೆ. ಕೋಣೆಯೇ ಹಂಡೆ. ಹಾಗಾದರೆ ಬೆಂಕಿಯನ್ನು ಮುಂದಕ್ಕೆ ತರಬೇಕು.

ಮಾರನೆಯ ದಿನ ಒಂದು ಬೇಕರಿಯವರು ಒಡೆದು ಹಾಕಿದ್ದ ಹಳೇ ಒಲೆಯ ಇಟ್ಟಿಗೆಗಳನ್ನು ಕೇಳಿ ತಂದೆ. ಹೊಸ ಇಟ್ಟಿಗೆ ಬೆಂಕಿಗೆ ಸಿಡಿಯುತ್ತದೆ, ಇವು ಕಾದು ಕಾದು ಹಣ್ಣಾಗಿದ್ದವು. ಸಿಮೆಂಟು ಮುಟ್ಟಲಿಲ್ಲ. ಹುತ್ತದ ಮಣ್ಣು, ಮರಳು, ಒಂದಿಷ್ಟು ಬೂದಿ ಸೇರಿಸಿ ಕಲೆಸಿದೆ. ಗೂಡಿನ ಆಳವನ್ನು ಅರ್ಧಕ್ಕೆ ಇಳಿಸಿ ಹೊಸ ಹಿಂಗೋಡೆ ಎಬ್ಬಿಸಿದೆ. ಅದು ಮೊಣಕಾಲೆತ್ತರ ನೆಟ್ಟಗೆ ಏರಿ, ಆಮೇಲೆ ಮುಂದಕ್ಕೆ ಬಾಗುವ ಹಾಗೆ ಕೂರಿಸಿದೆ. ಪಕ್ಕದ ಎರಡು ಗೋಡೆಗಳನ್ನು ತೆರೆದ ಬಾಗಿಲ ರೆಕ್ಕೆಗಳ ಹಾಗೆ ಹೊರಕ್ಕೆ ಓರೆ ಮಾಡಿದೆ, ಉರಿಯ ಝಳ ಅವಕ್ಕೆ ಬಡಿದು ಕೋಣೆಗೇ ತಿರುಗಬೇಕು. ಬಿಸಿ ಬೇಗ ಹೊರಹೋಗದಿರಲೆಂದು, ಹೊಗೆ ಮೇಲೇರುವ ಚಿಮಣಿಯ ಕತ್ತನ್ನು ಒಂದು ಗೇಣಿಗಿಂತ ಕಡಿಮೆಗೆ ಕಿರಿದು ಮಾಡಿದೆ. ಸಣ್ಣ ಉರಿಯಲ್ಲಿ ಮಣ್ಣು ಒಣಗಿಸಿ, ಕೊನೆಗೆ ದೊಡ್ಡ ಉರಿ ಹಚ್ಚಿದಾಗ ಮುಖಕ್ಕೆ ಝಳ ಬಂದು ಬಡಿಯಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಪಾದರಸ ಏರತೊಡಗಿತು. ಡಾಕ್ಟರಮ್ಮ ನನ್ನ ಬೆನ್ನು ತಟ್ಟಿದರು. ಅವರು ಯಾರ ಬೆನ್ನನ್ನೂ ತಟ್ಟುವವರಲ್ಲ. ತಾಯಿ ಮಗುವನ್ನು ಕರೆತಂದು ಮಲಗಿಸಿದರು. ನಾನು ಬೀಗುತ್ತಾ ಮನೆಗೆ ಹೋದೆ.

ಊಟಕ್ಕೆ ಕೂತಿದ್ದಾಗ ಆಸ್ಪತ್ರೆಯ ಆಯಾ ಓಡಿ ಬಂದಳು. ಕೋಣೆ ತುಂಬ ಹೊಗೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಬಾಣಂತಿಯನ್ನು ಜಗಲಿಗೆ ತಂದಿದ್ದರು. ಚಾಮುಂಡಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಡಾಕ್ಟರಮ್ಮ ನೆಲದ ಮೇಲೆ ಕೂತು ಕೂಸಿನ ಅಂಗಾಲನ್ನು ಬೆರಳಿನಿಂದ ತಟ್ಟುತ್ತಿದ್ದರು. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ತಟ್ಟಿದಾಗ ಒಂದು ಉಸಿರು, ಮತ್ತೆ ತಟ್ಟಿದಾಗ ಇನ್ನೊಂದು.

ಕತ್ತು ಅತಿಯಾಗಿ ಕಿರಿದಾಯಿತೇನೋ ಎಂದು ಅದನ್ನು ಒಡೆದು ಅಗಲ ಮಾಡಿದೆ. ನಾನು ಉರಿ ಹಚ್ಚಿ ನೋಡುವಾಗ ಹೊಗೆ ಇಲ್ಲ. ತಾಯಿ ಮಗು ಬಂದು ಮಲಗಿದ ಸ್ವಲ್ಪ ಹೊತ್ತಿಗೆ ಹೊಗೆ. ಸೌದೆ ಹಸಿ ಇರಬೇಕೆಂದು ಸೌದೆ ಡಿಪೋದವನ ಹತ್ತಿರ ಜಗಳವಾಡಿ, ಒಣಗಿ ಕಬ್ಬಿಣವಾಗಿದ್ದ ಹುಣಸೆ ಸೌದೆ ತಂದೆ. ನಾನು ಹಚ್ಚಿದರೆ ಹೂವಿನ ಹಾಗೆ ಉರಿಯಿತು. ಅವರು ಮಲಗಿದ ಮೇಲೆ ಮತ್ತೆ ಅದೇ ಹೊಗೆ. ಒಂದೊಂದು ಸಲವೂ ಕೂಸನ್ನು ಎತ್ತಿಕೊಂಡು ತಣ್ಣನೆಯ ಜಗಲಿಗೆ ಓಡಬೇಕು, ಒಂದೊಂದು ಸಲವೂ ಅದು ಸ್ವಲ್ಪ ಸ್ವಲ್ಪ ಸೋಲುತ್ತಿತ್ತು. ನನ್ನ ಕೈಗೆ ಏನೋ ದೋಷ ತಗುಲಿದೆ ಎಂದು ನಾನು ನಂಬುವುದಕ್ಕೆ ಶುರುಮಾಡಿದೆ.

"ಇನ್ನೊಂದು ಸಲ ಇದನ್ನ ಎತ್ಕೊಂಡು ಓಡಿದ್ರೆ ಕೂಸು ತಡೆಯಲ್ಲ. ಇನ್ಮೇಲೆ ಇದು ಈ ಕೋಣೆ ಬಿಟ್ಟು ಕದಲಬಾರದು. ನೀವೇ ಹೇಳಿ, ಉರಿ ಹಾಕ್ಸೋದೋ ಬೇಡ್ವೋ?" ಎಂದರು ಡಾಕ್ಟರಮ್ಮ. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ತೀರ ಮೆತ್ತಗೆ ಹೇಳಿದರು. ನಾನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಆಗ ಮಾತಾಡಿದ್ದು ಬಾಣಂತಿ. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನಿದ್ದೆ ಹೋದರೆ ತೋಳು ಸಡಿಲವಾಗುತ್ತದೆ ಎಂಬ ಭಯಕ್ಕೆ ಅವಳು ಸರಿಯಾಗಿ ಮಲಗಿಯೇ ಇರಲಿಲ್ಲ. ಅವಳಿಗೆ ನೋಡುವುದಕ್ಕೆ ಎದುರಿಗಿದ್ದದ್ದು ಒಲೆ ಒಂದೇ.

"ಅಣ್ಣಾ, ಆಯಮ್ಮ ಬಾಗ್ಲು ತಗ್ದಾಗೆಲ್ಲ ಉರಿ ಎದ್ದು ಕುಣೀತದೆ. ಅವ್ವ ಬಾಗ್ಲಾಕಿ ಬಟ್ಟೆ ತುರುಕುದ್ರೆ ಒಗೆ ಈಚೆಗೆ ಬತ್ತದೆ" ಎಂದಳು.

ನಾನು ತಿರುಗಿ ಬಾಗಿಲನ್ನು ನೋಡಿದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆಯ ಸುರುಳಿ. ಕಿಟಕಿಯ ಸಂದುಗಳಿಗೆಲ್ಲ ಗಂಜಿ ಹಚ್ಚಿ ಅಂಟಿಸಿದ ಕಾಗದ. ಬೀಗದ ಕೈ ಹಾಕುವ ತೂತಿಗೂ ಹತ್ತಿಯ ಉಂಡೆ. ಬಾಣಂತಿಗೆ ಗಾಳಿ ಸೋಕಬಾರದು ಎಂದು ನಮ್ಮ ಮನೆಗಳಲ್ಲಿ ಮಾಡುವುದೇ ಹೀಗೆ, ನನ್ನ ಹೆಂಡತಿಯ ಬಾಣಂತನದಲ್ಲೂ ನಾನೇ ಕಿಟಕಿಗೆ ಗೋಣಿತಾಟು ಹೊಡೆದಿದ್ದೆ. ದಿನವೂ ಕಣ್ಣಿಗೆ ಬೀಳುತ್ತಿದ್ದದ್ದು ಈಗ ಕಾಣಿಸಿತು. ನಾನು ಕೆಲಸ ಮಾಡುವಾಗ ಬಾಗಿಲು ಹಾರುಹೊಡೆದಿರುತ್ತಿತ್ತು, ಬೆಂಕಿಗೆ ಬೇಕಾದ ಗಾಳಿ ಅಲ್ಲಿಂದ ಬರುತ್ತಿತ್ತು. ನಾನು ಹೋದ ಮೇಲೆ ಬಾಣಂತಿಯ ತಾಯಿ ಕೋಣೆಯನ್ನು ಡಬ್ಬಿಯ ಹಾಗೆ ಮುಚ್ಚುತ್ತಿದ್ದರು. ಒಳಗೆ ಬರಲು ಗಾಳಿಗೆ ದಾರಿಯಿಲ್ಲದ ಮೇಲೆ ಹೊಗೆ ಮೇಲೆ ಹೋಗುವುದಾದರೂ ಹೇಗೆ? ಮೈಸೂರಿನಲ್ಲಿ ಈ ಒಲೆ ಕಟ್ಟಿದ ದೊರೆಗೆ ಬಾಣಂತಿ ಕೋಣೆ ಗೊತ್ತಿರಲಿಲ್ಲ. ಗೊತ್ತಿದ್ದ ನನಗೆ ಹೊಳೆಯಲಿಲ್ಲ.

ನಾನು ಎದ್ದು ಸೀರೆಯ ಸುರುಳಿ ಎಳೆದೆ. ಅಜ್ಜಿ ಅದರ ಇನ್ನೊಂದು ತುದಿ ಹಿಡಿದುಕೊಂಡರು. ಗಟ್ಟಿ ಹೆಂಗಸು, ರಾಗಿ ಬೀಸಿ ಬೀಸಿ ತಿರುಚಿಕೊಂಡ ಕೈ.

"ಮುಟ್ಬೇಡ ಮೇಸ್ತ್ರಪ್ಪ. ಮೊದಲ್ನೇ ಕೂಸು ಎಂಗೆ ಓಯ್ತು ಗೊತ್ತಾ ನಿಂಗೆ? ತೊಟ್ಲು ಬಾಗ್ಲಿಗೆ ಎದ್ರಿಗಿತ್ತು. ಗಾಳಿ ಒಡ್ದು ಒಂದೇ ಬೆಳಗ್ಗೆಗೆ ಓಯ್ತು. ನಾನೇ ಎತ್ಕೊಂಡೋಗಿ ಮಣ್ಣು ಮಾಡ್ದೆ. ಇದಕ್ಕೂ ಗಾಳಿ ಬುಡು ಅಂತೀಯಾ?"

"ಬಿಡದಿದ್ರೆ ಹೊಗೆಗೆ ಹೋಯ್ತದೆ ಕಣವ್ವ!" ಎಂದು ನಾನೂ ಕೂಗಿಬಿಟ್ಟೆ.

ಡಾಕ್ಟರಮ್ಮ ನಡುವೆ ಬಂದರು. ಅವರು ನನ್ನ ಪರ ಹೇಳುತ್ತಾರೆಂದುಕೊಂಡಿದ್ದೆ. ಅವರು ಬಾಗಿಲನ್ನು ಒಂದಿಷ್ಟು ಓರೆ ಮಾಡಿ, ಕೂಸಿನ ಹಾಸಿಗೆಯ ಹತ್ತಿರ ಕೈ ಹಿಡಿದು ನೋಡಿ, ತಲೆ ಅಲ್ಲಾಡಿಸಿದರು. "ಅಜ್ಜಿ ಹೇಳೋದೂ ಸರಿ. ಬಾಗಿಲಿಂದ ಒಲೆಗೆ ಹೋಗೋ ತಣ್ಣನೆ ಗಾಳಿ ನೇರ ಹಾಸಿಗೆ ಮೇಲೇ ಹಾಯುತ್ತೆ. ಇಷ್ಟು ಸಣ್ಣ ಕೂಸಿಗೆ ಅದೂ ಆಗಲ್ಲ." ಹಾಸಿಗೆಯನ್ನು ಎಲ್ಲಿಗೆ ಸರಿಸಿದರೂ ಅದೇ ಪಾಡು, ಕೋಣೆ ಇದ್ದದ್ದೇ ಅಷ್ಟು.

ನಾನು ಹೊರಗೆ ಹೋಗಿ ಚಿಮಣಿಯ ಹಿಂಗೋಡೆಯನ್ನು ನೋಡುತ್ತಾ ನಿಂತೆ. ಬೆಂಕಿಗೆ ಗಾಳಿ ಬೇಕು, ಕೋಣೆಗೆ ಬೇಡ. ಹಾಗಾದರೆ ಬೆಂಕಿಗೆ ಅದರದೇ ಮೂಗು ಕೊಡಬೇಕು. ಒಲೆಯ ಪಕ್ಕದಲ್ಲಿ, ನೆಲಮಟ್ಟಕ್ಕೆ, ಹೊರಗೋಡೆಯನ್ನು ಕೊರೆದು ಒಂದು ಮಣ್ಣಿನ ಕೊಳವೆ ಹಾಕಿ, ಅದರ ಬಾಯಿಯನ್ನು ಸೌದೆಯ ಎದುರಿಗೇ ಬಿಟ್ಟರೆ ಗಾಳಿ ಹೊರಗಿಂದ ಬಂದು ಅಲ್ಲೇ ಉರಿದು ಮೇಲೆ ಹೋಗುತ್ತದೆ. ಹೇಳುವುದು ಸುಲಭ. ಗೋಡೆ ಹಳೇ ಸುಣ್ಣದ ಗಾರೆಯದು, ಅದರ ಮೇಲೆ ಇಡೀ ಚಿಮಣಿಯ ಭಾರ ಕೂತಿದೆ. ಕೂಸನ್ನು ಕೋಣೆಯಿಂದ ಕದಲಿಸುವ ಹಾಗಿಲ್ಲ.

"ಗೋಡೆ ನಿಲ್ಲುತ್ತಾ?" ಎಂದರು ನನ್ನ ಉಪಾಯ ಕೇಳಿದ ಡಾಕ್ಟರಮ್ಮ.

"ಹೇಳಕ್ಕಾಗಲ್ಲ ಅಮ್ಮಾವ್ರೆ."

"ಕೊರೀದಿದ್ರೆ?"

ಡಾಕ್ಟರಮ್ಮ ಒಳಗೆ ಹೋಗಿ ಬಾಣಂತಿಗೂ ಅವಳ ತಾಯಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಜ್ಜಿ ಒಂದು ಸೀರೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಲೆಗೂ ಮಗಳಿಗೂ ನಡುವೆ ಹಗ್ಗ ಕಟ್ಟಿ ಅದನ್ನು ಪರದೆಯಾಗಿ ಇಳಿಬಿಟ್ಟರು. ಧೂಳು ಬಾರದಿರಲೆಂದು. ಅದೇ ಅವರ ಒಪ್ಪಿಗೆ.

ಚಿಮಣಿಯ ಮೈಗೆ ಹೊರಗಿನಿಂದ ಎರಡು ಸರ್ವೆ ಮರ ಓರೆಯಾಗಿ ಕೊಟ್ಟು, ಬುಡಕ್ಕೆ ಬೆಣೆ ಬಡಿದು ಬಿಗಿಮಾಡಿದೆ. ಬಾಗಿಲು ಸ್ವಲ್ಪ ಓರೆ ಇಟ್ಟು ಒಳಗೆ ಸಣ್ಣ ಉರಿ ಇರಲಿ ಎಂದೆ. ಸುತ್ತಿಗೆಯ ಪೆಟ್ಟಿಗೆ ಗೋಡೆ ಅದುರಬಾರದೆಂದು, ಗೋಡೆಗೆ ನೀರು ಕುಡಿಸಿ, ಉಳಿಯಿಂದ ಗಾರೆಯನ್ನು ಕೆರೆದು ಕೆರೆದು ಇಟ್ಟಿಗೆಗಳನ್ನು ಒಂದೊಂದೇ ಹಲ್ಲು ಕಿತ್ತ ಹಾಗೆ ಕಿತ್ತೆ. ಮೊಳದಷ್ಟು ಹೋಗಿರಬೇಕು, ಉಳಿ ಟಣ್ ಎಂದಿತು. ಕರೀಕಲ್ಲು. ದೊರೆ ಚಿಮಣಿಯ ಬುಡಕ್ಕೆ ಉದ್ದನೆಯ ಕಲ್ಲು ಹಾಸಿಸಿದ್ದ. ಅದನ್ನು ಒಡೆಯುವ ಮಾತೇ ಇಲ್ಲ. ನಾನು ಮಾಡಿದ ತೂತಿನೊಳಗೆ ತಲೆ ಇಟ್ಟುಕೊಂಡು ಒಂದು ಗಳಿಗೆ ಹಾಗೇ ಮಲಗಿದೆ. ಎದ್ದು ಹೋಗಿಬಿಡೋಣ ಅನ್ನಿಸಿತು. ನಿಜವಾಗಿ ಅನ್ನಿಸಿತು.

ಕಲ್ಲಿನ ಮೇಲಿನ ಇಟ್ಟಿಗೆ ವರಸೆಯಿಂದ ಮತ್ತೆ ಶುರು ಮಾಡಿದೆ. ತೂತನ್ನು ಒಳಮುಖಕ್ಕೆ ಇಳಿಜಾರಾಗಿ ತಿರುಗಿಸಿದೆ. ಒಂದು ಇಟ್ಟಿಗೆ ಎಳೆದಾಗ ಅದರ ಮೇಲಿನದು ತಾನಾಗಿ ಜಾರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಮೇಲೆ ನೋಡಿದರೆ ಗೋಡೆಗೆ ಬಳಿದ ಗಿಲಾವಿನಲ್ಲಿ ಕೂದಲೆಳೆಯಷ್ಟು ಬಿರುಕು, ನೋಡನೋಡುತ್ತಾ ಮೇಲಕ್ಕೆ ಹರಿಯಿತು. ಬೆಣೆಯನ್ನು ಇನ್ನೂ ಬಿಗಿ ಮಾಡಿ, ತೂತಿನ ತಲೆಗೆ ಒಂದು ಚಪ್ಪಡಿ ಚೂರು ಕೊಟ್ಟು, ಉಸಿರು ಹಿಡಿದು ಕಾದೆ. ಬಿರುಕು ಅಲ್ಲಿಗೆ ನಿಂತಿತು. ಒಳಗಿನಿಂದ ಅಜ್ಜಿಯ ದನಿ ಗೋಡೆಯ ಮೂಲಕ ಕೇಳಿಸಿತು, "ಇನ್ನೂ ಎಷ್ಟೊತ್ತಪ್ಪಾ?"

ಕೊನೆಯ ವರಸೆಗೆ ಬಂದಾಗ ಬೆಂಕಿ ಆರಿಸಲೇಬೇಕಾಯಿತು. ಆಯಾ ಕೆಂಡವನ್ನೆಲ್ಲ ಮಡಕೆಗೆ ತುಂಬಿ ಹೊರಗೆ ತಂದಳು. ನಾನು ಒಳಗೆ ಹೋಗಿ ಒಲೆಯೊಳಗೆ ತಲೆ ಹಾಕಿದೆ. ಪರದೆಯ ಆಚೆ ಬಾಣಂತಿ ಕೂಸನ್ನು ಬರಿಮೈಗೆ ಅಂಟಿಸಿಕೊಂಡಿದ್ದಳು, ಅವಳ ಬೆನ್ನಿಗೆ ಅವಳ ತಾಯಿ, ಅವರಿಬ್ಬರನ್ನೂ ಸುತ್ತಿದ ಕಂಬಳಿ. ಪಾದರಸ ಇಳಿಯುವುದನ್ನು ಡಾಕ್ಟರಮ್ಮ ಗಟ್ಟಿಯಾಗಿ ಹೇಳುತ್ತಿದ್ದರು, ಆಮೇಲೆ ಹೇಳುವುದನ್ನು ನಿಲ್ಲಿಸಿದರು. ಇಟ್ಟಿಗೆ ಇನ್ನೂ ಸುಡುತ್ತಿತ್ತು. ಕೊನೆಯದನ್ನು ಕೈಯಿಂದಲೇ ಎಳೆದೆ. ಹೊರಗಿನ ಬೆಳಕು ಒಲೆಯೊಳಗೆ ಬಿತ್ತು. ಕೊಳವೆ ತೂರಿಸಿ, ಸುತ್ತ ಮಣ್ಣು ಮೆತ್ತಿ, ಸೌದೆ ಜೋಡಿಸಿ, ಕೆಂಡ ಸುರಿದೆ.

"ಅವ್ವಾ, ಬಾಗ್ಲು ಹಾಕು. ಬಟ್ಟೆ ತುರುಕು" ಎಂದೆ.

ಅಜ್ಜಿ ಎದ್ದು ಬಾಗಿಲು ಹಾಕಿ ಸುರುಳಿಯನ್ನು ಸಂದಿಗೆ ಒತ್ತಿದರು. ಹೊಗೆ ಒಂದು ಸಲ ಕೋಣೆಯತ್ತ ಬಾಗಿತು. ಡಾಕ್ಟರಮ್ಮ ಬಾಗಿಲ ಕಡೆ ಕೈ ಚಾಚಿದರು. "ಒಂದೇ ನಿಮಿಷ ಅಮ್ಮಾವ್ರೆ" ಎಂದು ನಾನು ಅಂಗಲಾಚಿದೆ. ಕೊಳವೆಯ ಬಾಯಲ್ಲಿ ಬೂದಿ ಅಲುಗಾಡಿತು, ಆಮೇಲೆ ಯಾರೋ ಊದುಗೊಳವೆ ಹಿಡಿದು ಊದಿದ ಹಾಗೆ ಕೆಂಡ ಬೆಳ್ಳಗಾಯಿತು. ಉರಿ ಎದ್ದಿತು. ಹೊಗೆ ಮೇಲಕ್ಕೆ ತಿರುಗಿ ಹೋಯಿತು. ಅಜ್ಜಿ ಊದುಬತ್ತಿ ಹಚ್ಚಿ ಹಾಸಿಗೆಯ ಮೇಲೆ ಹಿಡಿದು ನೋಡಿದರು. ಅದರ ಹೊಗೆಯ ಎಳೆ ನೆಟ್ಟಗೆ ನಿಂತಿತ್ತು, ಹಾಸಿಗೆಗೆ ಗಾಳಿ ಸೋಕುತ್ತಿರಲಿಲ್ಲ.

ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಇಲಿ ಹೆಗ್ಗಣ ನುಗ್ಗದ ಹಾಗೆ ಕೊಳವೆಗೆ ತಂತಿಬಲೆ ಕಟ್ಟುವ ಕೆಲಸ ಇತ್ತು, ಬಿರುಕಿಗೆ ಗಾರೆ ತುಂಬುವುದಿತ್ತು. ಕೈ ಬೊಬ್ಬೆ ಎದ್ದು ಕರಣೆ ಹಿಡಿಯಲಾಗುತ್ತಿರಲಿಲ್ಲ, ಹಾಗಾಗಿ ಬೆರಳಲ್ಲೇ ಗಾರೆ ಮೆತ್ತುತ್ತಾ ಹೊತ್ತು ಕಳೆದೆ. ಬಿಸಿಲು ಇಳಿಯುತ್ತಾ ಬಂತು. ಒಳಗೆ ಹೋಗಿ ಕೇಳುವ ಧೈರ್ಯ ಬರಲಿಲ್ಲ.

ಆಗ ಕೊಳವೆಯೊಳಗಿಂದ ಅಳು ಕೇಳಿಸಿತು. ಕೂಸಿನದಲ್ಲ, ಬಾಣಂತಿಯದು. ಗಂಟಲು ಹರಿಯುವ ಹಾಗೆ, ತಡೆಯೇ ಇಲ್ಲದೆ ಅಳುತ್ತಿದ್ದಳು. ಹೆಂಗಸರು ಯಾವಾಗ ಹಾಗೆ ಅಳುತ್ತಾರೆಂದು ನನಗೆ ಗೊತ್ತು. ಕೈಯಲ್ಲಿದ್ದ ಗಾರೆ ಕೆಳಗೆ ಬಿತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತೆ. ಮುಗಿಯಿತು ಎಂದುಕೊಂಡೆ. ಇಷ್ಟೆಲ್ಲ ಮಾಡಿ, ಬೆಂಕಿ ಆರಿಸಿದ ಆ ಹೊತ್ತಿನಲ್ಲೇ ಕೂಸು ಹೋಗಿರಬೇಕು ಎಂದುಕೊಂಡೆ. ಒಳಗೆ ಹೋಗಿ ಆ ತಾಯಿಯ ಮುಖ ನೋಡುವುದಕ್ಕಿಂತ ಹಾಗೇ ಎದ್ದು ಮೇಟಗಳ್ಳಿ ದಾರಿ ಹಿಡಿದು ನಮ್ಮೂರಿಗೆ ನಡೆದುಬಿಡೋಣ ಅನ್ನಿಸಿತು.

ಅಜ್ಜಿ ಬಂಗಲೆಯ ಮೂಲೆ ಸುತ್ತಿ ಬಂದರು. ಹಣೆ ಬೆವರಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ನಾನು ತಲೆ ಎತ್ತಲಿಲ್ಲ.

"ಯಾಕ್ ಇಂಗ್ ಕುಂತ್ಬುಟ್ಟೆ ಮೇಸ್ತ್ರಪ್ಪ? ಡಾಕ್ಟ್ರಮ್ಮ ಕರೀತಾವ್ರೆ. ಪಾದರ್ಸ ಗೆರೆ ದಾಟ್ಬುಡ್ತಂತೆ, ಸೌದೆ ಕಮ್ಮಿ ಮಾಡ್ಬೇಕಂತೆ."

"ಕೂಸು?" ಎಂದೆ.

"ಎದೆಯಿಂದ ಇಳ್ಸಿ ಆಸ್ಗೆ ಮೇಲೆ ಮಲಗ್ಸವ್ರೆ. ಅಂಗಾಲು ಬೆಚ್ಚಗದೆ. ತಾನೇ ಉಸ್ರಾಡ್ತಾ ನಿದ್ದೆ ಮಾಡ್ತದೆ."

ಕೊಳವೆಯೊಳಗಿಂದ ಅಳು ಇನ್ನೂ ಬರುತ್ತಲೇ ಇತ್ತು. ನಾನು ಅದರ ಕಡೆ ಬೆರಳು ತೋರಿಸಿದೆ. ಅಜ್ಜಿ ಬಗ್ಗಿ, ತಂತಿಬಲೆಗೆ ಕಿವಿ ಕೊಟ್ಟು, ಒಂದಿಷ್ಟು ಹೊತ್ತು ಮಗಳ ಅಳುವನ್ನು ಕೇಳಿಸಿಕೊಂಡರು.

"ಅಳ್ಲಿ ಬುಡಪ್ಪ" ಎಂದರು. "ಕೂಸು ಉಟ್ಟಾಗಿಂದ ಅವಳ್ಗೆ ಅಳಕ್ಕೂ ಪುರುಸೊತ್ತಿರ್ನಿಲ್ಲ."